ಲ್ಯಾಬ್ ಚೀಟಿಯಲ್ಲಿ ಕೀಲುಬೇನೆ: ನಂಬಿಕೆ ಏನು, ನಿಜ ಏನು?

ತುಂಗಭದ್ರೆಯ ದಡದ ಕೊರ್ಲಹಳ್ಳಿಯಿಂದ ಕೀಲುಬೇನೆಗೆಂದು ಮುಂಡರಗಿಗೋ ಗದಗಕ್ಕೋ ಹೋದವರಿಗೆ ರಕ್ತ ತಪಾಸಣೆ ತಪ್ಪಿದ್ದಲ್ಲ. ಚೀಟಿಯಲ್ಲಿ ಬರುವ ಆರ್‌ಎ ಫ್ಯಾಕ್ಟರ್, ಇಎಸ್‌ಆರ್, ಸಿಆರ್‌ಪಿ ಅಂಕಿಗಳನ್ನು ತಪ್ಪಾಗಿ ಓದಿದರೆ ಇಲ್ಲದ ರೋಗಕ್ಕೆ ಹೆದರುತ್ತೇವೆ, ಇರುವ ರೋಗಕ್ಕೆ ಔಷಧ ಬಿಡುತ್ತೇವೆ.

ತಪ್ಪು ಕಲ್ಪನೆ: ಆರ್‌ಎ ಫ್ಯಾಕ್ಟರ್ ಪಾಸಿಟಿವ್ ಬಂತೆಂದರೆ ರುಮಟಾಯ್ಡ್ ಸಂಧಿವಾತ ಖಚಿತ.

ಸತ್ಯ: ಈ ಕಾಯಿಲೆ ಇದ್ದವರಲ್ಲಿ ಸುಮಾರು ಶೇ 70–80 ಮಂದಿಗಷ್ಟೇ ಇದು ಪಾಸಿಟಿವ್. ಕ್ಷಯ, ಹೆಪಟೈಟಿಸ್ ಸಿ ಇದ್ದವರಲ್ಲೂ, ಆರೋಗ್ಯವಾಗಿರುವ ಕೆಲವು ಹಿರಿಯರಲ್ಲೂ ಬರುತ್ತದೆ. ಆಂಟಿ-ಸಿಸಿಪಿ ಪರೀಕ್ಷೆ ಇದಕ್ಕಿಂತ ನಿಖರ.

ತಪ್ಪು ಕಲ್ಪನೆ: ಗುಳಿಗೆ ನುಂಗಿದರೂ ಆರ್‌ಎ ಫ್ಯಾಕ್ಟರ್ ಹೋಗಿಲ್ಲ, ಔಷಧ ನಾಟಿಲ್ಲ.

ಸತ್ಯ: ಅದು ರೋಗ ಗುರುತಿಸಲು ನೆರವಾಗುವ ಪರೀಕ್ಷೆ. ಬಾವು ಈಗ ಎಷ್ಟಿದೆ ಎಂದು ನೋಡಲು ಇಎಸ್‌ಆರ್, ಸಿಆರ್‌ಪಿ ಬೇಕು.

ತಪ್ಪು ಕಲ್ಪನೆ: ಇಎಸ್‌ಆರ್ ಏರಿದರೆ ಸಂಧಿವಾತ ಕೆರಳಿದೆ ಎಂದೇ ಅರ್ಥ.

ಸತ್ಯ: ನೆಟ್ಟಗೆ ನಿಲ್ಲಿಸಿದ ಕೊಳವೆಯಲ್ಲಿ ಕೆಂಪು ಕಣಗಳು ಒಂದು ತಾಸಿನಲ್ಲಿ ಎಷ್ಟು ಮಿಲಿಮೀಟರ್ ಕೆಳಗಿಳಿದವು ಎಂಬುದೇ ಇಎಸ್‌ಆರ್. ರಕ್ತಹೀನತೆ, ಬಸುರಿತನ, ವಯಸ್ಸು, ಸೋಂಕು ಯಾವುದಿದ್ದರೂ ಅದು ಏರುತ್ತದೆ. ಯಕೃತ್ತಿನಲ್ಲಿ ತಯಾರಾಗುವ ಸಿಆರ್‌ಪಿ ಇನ್ನೂ ಚುರುಕು: ಬಾವಿನ ಜೊತೆ ಬೇಗ ಏರಿ ಬೇಗ ಇಳಿಯುತ್ತದೆ. ಆದರೆ 1930ರಲ್ಲಿ ಅದು ಮೊದಲು ಕಂಡದ್ದೇ ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ. ಜ್ವರವೋ ಕೀವುಗಾಯವೋ ಇದ್ದಾಗ ತೆಗೆಸಿದ ಸಿಆರ್‌ಪಿ ಕೀಲಿನ ಕಥೆಯನ್ನೇ ಹೇಳುತ್ತಿದೆ ಎನ್ನಲಾಗದು.

ತಪ್ಪು ಕಲ್ಪನೆ: ರಿಪೋರ್ಟ್ ನಾರ್ಮಲ್ ಬಂತು, ಇನ್ನು ಗುಳಿಗೆ ಸಾಕು.

ಸತ್ಯ: ಕೀಲು ಊದಿಕೊಂಡಿದ್ದರೂ ಇಎಸ್‌ಆರ್, ಸಿಆರ್‌ಪಿ ಎರಡೂ ನಾರ್ಮಲ್ ಇರುವ ರೋಗಿಗಳು ಅಪರೂಪವಲ್ಲ. ನಸುಕಿನಲ್ಲಿ ಬೆರಳು ಮಡಚಲಾಗದೆ, ರೊಟ್ಟಿ ಬಡಿಯಲು ಬಿಸಿಲೇರುವ ತನಕ ಕಾಯುವವರು ಅದನ್ನು ವೈದ್ಯರಿಗೆ ಹೇಳಲೇಬೇಕು. ಅದಕ್ಕೇ ಡಿಎಎಸ್-28 ಎಂಬ ಲೆಕ್ಕದಲ್ಲಿ ವೈದ್ಯರು 28 ಕೀಲುಗಳನ್ನು ಒತ್ತಿ ನೋಡಿ, ನೋವಿನವು ಎಷ್ಟು, ಊದಿದವು ಎಷ್ಟು ಎಂದು ಎಣಿಸುತ್ತಾರೆ; ರೋಗಿಯ ಮಾತನ್ನೂ ಅಂಕಿಗಿಳಿಸುತ್ತಾರೆ; ಇಎಸ್‌ಆರ್ ಅಥವಾ ಸಿಆರ್‌ಪಿ ಆ ಲೆಕ್ಕದ ಒಂದು ಪಾಲು ಮಾತ್ರ. ಇನ್ನು, ಅಂಕಿ ಇಳಿದದ್ದು ವಾರಕ್ಕೊಮ್ಮೆ ನುಂಗುವ ಮೆಥೊಟ್ರೆಕ್ಸೇಟ್‌ನಿಂದಲೇ ಇರಬಹುದು. ಅದನ್ನು ತಾವಾಗಿಯೇ ಬಿಟ್ಟರೆ ಬೇನೆ ಮತ್ತೆ ಮರುಕಳಿಸೀತು.

ಮುಂದಿನ ಸಲ ಹಳೆಯ ಚೀಟಿಗಳನ್ನೂ ಒಯ್ಯಿರಿ. ಈಚೆಗೆ ಜ್ವರ ಬಂದಿತ್ತೇ, ಗುಳಿಗೆ ತಪ್ಪಿತ್ತೇ, ಬೆಳಗಿನ ಬಿಗಿತ ಎಷ್ಟು ಹೊತ್ತು ಇರುತ್ತದೆ ಎಂದು ಕೇಳುವ ಮೊದಲೇ ಹೇಳಿರಿ. ಇದು ತಿಳಿಯದೆ ಆ ಅಂಕಿಗಳನ್ನು ವೈದ್ಯರೂ ಸರಿಯಾಗಿ ಓದಲಾರರು.