ಉದ್ಯಮ ಹೊಲಿಗೆಯಂತ್ರ: ಸ್ಥಾಪನೆ ಮತ್ತು ಪಾಲನೆ

ಕಾಯಕದಲ್ಲಿ ಮೇಲುಕೀಳೆಂಬ ಭೇದವಿಲ್ಲವೆಂದು ಲೋಕಕ್ಕೆ ತೋರಿಸಿಕೊಟ್ಟ ಹನ್ನೆರಡನೆಯ ಶತಮಾನದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆಯೂ ಒಬ್ಬನು. ಆತನ ಹೆಸರಿನೊಡನೆ ಆತನ ಕಾಯಕವೂ ಇಂದಿನವರೆಗೆ ಉಳಿದುಬಂದಿದೆ. ಅಂದು ಕೈಯಲ್ಲಿದ್ದ ಸೂಜಿ ಕಾಲಕ್ರಮದಲ್ಲಿ ಯಂತ್ರವನ್ನು ಸೇರಿತು. 1846ರಲ್ಲಿ ಅಮೆರಿಕದ ಎಲಿಯಾಸ್ ಹೋವ್ ಎಂಬಾತನು ತುದಿಯಲ್ಲಿ ಕಣ್ಣುಳ್ಳ ಸೂಜಿಯಿಂದ, ಎರಡು ದಾರಗಳನ್ನು ಒಂದಕ್ಕೊಂದು ಹೆಣೆದು ಹೊಲಿಯುವ ಯಂತ್ರಕ್ಕೆ ಹಕ್ಕುಪತ್ರ ಪಡೆದನು. ಮೇಲಿನ ದಾರವೂ ಕೆಳಗಿನ ದಾರವೂ ಬಟ್ಟೆಯ ನಡುವೆ ಒಂದನ್ನೊಂದು ಹಿಡಿದು ನಿಲ್ಲುವ ಈ ಹೊಲಿಗೆಯೇ ಲಾಕ್‌ಸ್ಟಿಚ್. ಮನೆಯ ಯಂತ್ರವಾಗಲಿ ಕಾರ್ಖಾನೆಯ ಯಂತ್ರವಾಗಲಿ, ಬಹುಪಾಲು ಇಂದಿಗೂ ಹೊಲಿಯುವುದು ಇದೇ ತತ್ತ್ವದಿಂದ.

ಬೆಂಗಳೂರಿನ ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಯ ಆಸುಪಾಸುಗಳಲ್ಲಿ ಬೆಳೆದ ಸಿದ್ಧ ಉಡುಪಿನ ಕಾರ್ಖಾನೆಗಳು ನಮ್ಮ ನಾಡಿನ ಅಸಂಖ್ಯ ಹೆಣ್ಣುಮಕ್ಕಳಿಗೆ ಅನ್ನದ ದಾರಿಯಾಗಿವೆ. ಅಲ್ಲಿ ಕೆಲಸಕ್ಕೆ ಸೇರುವವಳ ಮುಂದಿರುವುದು ಕಾಲಿನಿಂದ ತುಳಿಯುವ ಯಂತ್ರವಲ್ಲ, ವಿದ್ಯುತ್ತಿನಿಂದ ನಡೆಯುವ ಉದ್ಯಮ ಯಂತ್ರ. ಆದುದರಿಂದಲೇ ಮಠಮಾನ್ಯಗಳು ನಡೆಸುವ ಶಾಲೆಗಳಲ್ಲಿಯೂ ದಾನಿಗಳ ಔದಾರ್ಯದಿಂದ ಇಂತಹ ಯಂತ್ರಗಳು ಬಂದಿವೆ, ಬರುತ್ತಿವೆ. ಅವು ಬಂದ ಮೇಲೆ ಬಾಳುವಂತೆ ಮಾಡುವುದು ಹೇಗೆ ಎಂಬುದನ್ನು ತಿಳಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಮೊದಲು ನನ್ನದೇ ತಪ್ಪೊಂದನ್ನು ಹೇಳಬೇಕು. ನಾನು ಹಿಂದೆ ಸೇವೆ ಸಲ್ಲಿಸುತ್ತಿದ್ದ ಶಾಲೆಗೆ ಹಳೆಯ ವಿದ್ಯಾರ್ಥಿಯೊಬ್ಬರು ಉದ್ಯಮ ಯಂತ್ರವೊಂದನ್ನು ಕಾಣಿಕೆಯಾಗಿ ಕೊಟ್ಟರು. ಪೂಜೆಯಾಯಿತು, ಹೂಮಾಲೆ ಹಾಕಿದ್ದಾಯಿತು. ಬಂದವರೆಲ್ಲರೂ ನೋಡಲೆಂದು ಮುಕ್ಕಾಲು ಗಂಟೆ ಎಡೆಬಿಡದೆ ಯಂತ್ರವನ್ನು ನಡೆಸಿದೆವು. ಕಡೆಗೆ ಸುಟ್ಟ ವಾಸನೆ ಬಂದು ಅದು ಗಕ್ಕನೆ ನಿಂತುಬಿಟ್ಟಿತು. ಸಾಗಣೆಯ ವೇಳೆ ಚೆಲ್ಲದಿರಲೆಂದು ಹೊಸ ಯಂತ್ರದಿಂದ ಎಣ್ಣೆಯನ್ನು ತೆಗೆದಿರುತ್ತಾರೆ. ಮತ್ತೆ ತುಂಬಬೇಕಾದವನು ನಾನು. ಹೊಸದಾದ್ದರಿಂದ ಎಣ್ಣೆ ಇದ್ದೇ ಇರುತ್ತದೆಂದು ನಂಬಿ ಸುಮ್ಮನಿದ್ದೆ. ದುರಸ್ತಿಗಾರ ನಗರದಿಂದ ಬಂದು, ಬಿಡಿಭಾಗಗಳು ಬಂದು, ಯಂತ್ರ ಮತ್ತೆ ನಡೆಯುವ ಹೊತ್ತಿಗೆ ಆ ವರ್ಷದ ಹೆಣ್ಣುಮಕ್ಕಳ ತಂಡ ಶಾಲೆಯನ್ನೇ ಬಿಟ್ಟಾಗಿತ್ತು. ದಾನಿಗಳು ಬಂದು ನೋಡಿ ಕೋಪಿಸಿಕೊಳ್ಳಲಿಲ್ಲ. “ಎಣ್ಣೆಗೆ ಎಷ್ಟಾಗುತ್ತಿತ್ತು ಮೇಷ್ಟ್ರೆ?” ಎಂದು ಮಾತ್ರ ಕೇಳಿದರು. ಆ ಪ್ರಶ್ನೆಗೆ ಉತ್ತರವಾಗಿಯೇ ಮುಂದಿನದನ್ನು ಬರೆಯುತ್ತಿದ್ದೇನೆ.

ಯಂತ್ರದ ಸ್ವರೂಪ

ಶಾಲೆಗಳಿಗೆ ಸಾಮಾನ್ಯವಾಗಿ ಬರುವುದು ಒಂದೇ ಸೂಜಿಯ ಲಾಕ್‌ಸ್ಟಿಚ್ ಯಂತ್ರ. ಇದರ ವೇಗವನ್ನು ಗಮನಿಸಿದರೆ ಪಾಲನೆಯ ಮಹತ್ವ ತಾನಾಗಿಯೇ ಅರಿವಾಗುತ್ತದೆ. ಕಾಲಿನಿಂದ ತುಳಿಯುವ ಯಂತ್ರ ನಿಮಿಷಕ್ಕೆ ಕೆಲವು ನೂರು ಹೊಲಿಗೆ ಹಾಕಿದರೆ ಇದು 4000 ಹೊಲಿಗೆಯನ್ನು ನಿರಾಯಾಸವಾಗಿ ಹಾಕಬಲ್ಲದು. ಕೆಲವು ಮಾದರಿಗಳ ಗರಿಷ್ಠ ವೇಗ 5500. ಸೂಜಿ ಒಂದು ಸಲ ಇಳಿದು ಏರುವಷ್ಟರಲ್ಲಿ ಕೆಳಗಿನ ಹುಕ್ ಎರಡು ಸುತ್ತು ಸುತ್ತುತ್ತದೆ. ಅಂದರೆ 4000 ಹೊಲಿಗೆಯ ವೇಗದಲ್ಲಿ ಹುಕ್ಕು ನಿಮಿಷಕ್ಕೆ 8000 ಸುತ್ತು ತಿರುಗುತ್ತಿರುತ್ತದೆ. ಹುಕ್ಕಿನ ಮೊನೆ ಸೂಜಿಯ ಪಕ್ಕದಲ್ಲಿ ಹಾಯ್ದು ದಾರದ ಕುಣಿಕೆಯನ್ನು ಹಿಡಿಯುವಾಗ ಇವೆರಡರ ನಡುವೆ ಇರತಕ್ಕ ಅಂತರ 0.04ರಿಂದ 0.1 ಮಿ.ಮೀ. ಮಾತ್ರ. ಇಷ್ಟು ವೇಗ, ಇಷ್ಟು ಸೂಕ್ಷ್ಮ ಅಂತರ ಇರುವಲ್ಲಿ ಎಣ್ಣೆಯ ಅಭಾವವನ್ನೂ ನೂಲಿನ ಕಸವನ್ನೂ ಯಂತ್ರ ಬಹುಕಾಲ ಸಹಿಸಲಾರದು.

ಸ್ಥಾಪನೆ

ಮೇಜು ಅಲುಗಾಡದಂತೆ ಸಮನೆಲದ ಮೇಲೆ ನಿಲ್ಲಬೇಕು. ಒಂದು ಕಾಲು ಗಿಡ್ಡವಾದರೂ ನಡುಕ ಹುಟ್ಟಿ ತಿರುಪುಗಳು ಸಡಿಲಗೊಳ್ಳುತ್ತವೆ. ಯಂತ್ರದ ತಲೆಭಾಗ ಸುಮಾರು 30 ಕಿಲೋಗ್ರಾಂ ತೂಗುವುದರಿಂದ ಅದನ್ನು ಇಬ್ಬರು ಕೂಡಿ ಎತ್ತಬೇಕು. ಮೊದಲು ಮೇಜಿನ ಕಿಂಡಿಯಲ್ಲಿ ಎಣ್ಣೆತಟ್ಟೆಯನ್ನೂ ಮೂಲೆಗಳಲ್ಲಿ ರಬ್ಬರಿನ ಮೆತ್ತೆಗಳನ್ನೂ ಕೂಡಿಸಿ, ಹಿಂಬದಿಯ ಕೀಲುಗಳಿಗೆ ಹೊಂದುವಂತೆ ತಲೆಭಾಗವನ್ನು ಇಳಿಸಬೇಕು. ತಲೆಭಾಗವನ್ನು ಹಿಂದಕ್ಕೆ ವಾಲಿಸಿದಾಗ ಅದಕ್ಕೆ ಆಧಾರವಾಗುವ ಕಂಬವನ್ನು ಮೊದಲೇ ನೆಡದೆ ಎಂದಿಗೂ ವಾಲಿಸಬಾರದು; ಬಿದ್ದರೆ ಯಂತ್ರಕ್ಕೂ ಅಪಾಯ, ಬೆರಳಿಗೂ ಅಪಾಯ.

ಮೋಟಾರಿನ ಆಯ್ಕೆಯಲ್ಲಿ ವಿವೇಕ ಬೇಕು. ಹಳ್ಳಿಗಳಲ್ಲಿ ಮೂರು ಫೇಸಿನ ವಿದ್ಯುತ್ತು ಅನೇಕ ಕಡೆ ದಿನದ ಎಲ್ಲ ಹೊತ್ತಿನಲ್ಲಿಯೂ ದೊರೆಯುವುದಿಲ್ಲವಾದ್ದರಿಂದ ಅಲ್ಲಿನ ಶಾಲೆಗೆ ಒಂದು ಫೇಸಿನ ಮೋಟಾರೇ ಲೇಸು. ಹಳೆಯ ಕ್ಲಚ್ ಮೋಟಾರು ಗುಂಡಿ ಒತ್ತಿದೊಡನೆ ತಿರುಗತೊಡಗಿ, ಹೊಲಿಯದಿರುವಾಗಲೂ ವಿದ್ಯುತ್ತನ್ನು ವ್ಯಯಿಸುತ್ತದೆ. ಈಚಿನ ಸರ್ವೋ ಮೋಟಾರು ಪೆಡಲನ್ನು ಒತ್ತಿದಾಗ ಮಾತ್ರ ತಿರುಗುತ್ತದೆ, ಸದ್ದೂ ಕಡಿಮೆ. ವೇಗದ ಮಿತಿಯನ್ನು ಅದರಲ್ಲಿಯೇ ಗೊತ್ತುಮಾಡಿಡಬಹುದು. ಆದರೆ ಅದರ ನಿಯಂತ್ರಣ ಪೆಟ್ಟಿಗೆ ವೋಲ್ಟೇಜಿನ ಏರಿಳಿತಕ್ಕೆ ಬೇಗ ಕೆಡುವುದರಿಂದ ಸ್ಟೆಬಿಲೈಜರ್ ಇರುವುದು ಕ್ಷೇಮ. ಮೋಟಾರು ಯಾವುದೇ ಇರಲಿ, ಅರ್ಥಿಂಗ್ ಇಲ್ಲದೆ ಯಂತ್ರವನ್ನು ನಡೆಸಕೂಡದು.

ಕ್ಲಚ್ ಮೋಟಾರಿದ್ದಲ್ಲಿ ಕಲಿಯುವವರಿಗೆ ವೇಗದ ಭಯವೇ ಮೊದಲ ಅಡ್ಡಿ. ಇದಕ್ಕೆ ಸುಲಭವಾದ ಪರಿಹಾರವಿದೆ. 50 ಹರ್ಟ್ಸ್ ವಿದ್ಯುತ್ತಿನಲ್ಲಿ ಈ ಮೋಟಾರು ನಿಮಿಷಕ್ಕೆ ಸುಮಾರು 2850 ಸುತ್ತು ತಿರುಗುತ್ತದೆ. ಯಂತ್ರದ ಗಾಲಿಯ ವ್ಯಾಸ 70 ಮಿ.ಮೀ. ಎಂದಿಟ್ಟುಕೊಳ್ಳೋಣ. ಮೋಟಾರಿಗೆ 100 ಮಿ.ಮೀ. ವ್ಯಾಸದ ಪುಲ್ಲಿ ಹಾಕಿದರೆ ಹೊಲಿಗೆಯ ವೇಗ ಸುಮಾರು 4070 ಆಗುತ್ತದೆ. 70 ಮಿ.ಮೀ. ಪುಲ್ಲಿ ಹಾಕಿದರೆ 2850ಕ್ಕೆ ಇಳಿಯುತ್ತದೆ. ಒಂದು ಸಣ್ಣ ಪುಲ್ಲಿಯಿಂದ ಕಲಿಯುವ ಹುಡುಗಿಯ ಕೈನಡುಕ ಎಷ್ಟೋ ಕಡಿಮೆಯಾಗುವುದನ್ನು ನಾನು ಕಂಡಿದ್ದೇನೆ.

ಬೆಲ್ಟನ್ನು ಅತಿಯಾಗಿ ಬಿಗಿದರೆ ಬೇರಿಂಗು ಸವೆಯುತ್ತದೆ. ಸಡಿಲ ಬಿಟ್ಟರೆ ಜಾರುತ್ತದೆ. ಅದರ ಮಧ್ಯಭಾಗವನ್ನು ಒಂದು ಕಿಲೋಗ್ರಾಂ ತೂಕದಷ್ಟು ಬಲದಿಂದ ಒತ್ತಿದಾಗ ಸುಮಾರು 15 ಮಿ.ಮೀ. ಬಾಗುವಂತಿರಬೇಕು. ಬೆಲ್ಟಿನ ಮೇಲೆ ರಕ್ಷಣಾ ಕವಚವಿರಲೇಬೇಕು. ಸೆರಗು, ವೇಲು, ಜಡೆ ಇವು ಬೆಲ್ಟಿಗೆ ಸಿಕ್ಕಿಕೊಳ್ಳುವ ಅಪಾಯ ಸಣ್ಣದಲ್ಲ. ಯಂತ್ರದ ಗಾಲಿಯ ಮೇಲ್ಭಾಗ ಹೊಲಿಯುವವರ ಕಡೆಗೆ ತಿರುಗುವುದು ಸರಿಯಾದ ದಿಕ್ಕು. ವಿರುದ್ಧವಾಗಿ ತಿರುಗಿದರೆ ಒಡನೆಯೇ ನಿಲ್ಲಿಸಿ ವಿದ್ಯುತ್ ಜೋಡಣೆಯನ್ನು ಬಲ್ಲವರಿಂದ ಸರಿಪಡಿಸಬೇಕು.

ಎಣ್ಣೆ

ತಲೆಭಾಗವನ್ನು ವಾಲಿಸಿದರೆ ಕೆಳಗಿನ ತಟ್ಟೆಯಲ್ಲಿ ಎಣ್ಣೆಯ ಮೇಲ್ಮಟ್ಟ, ಕೆಳಮಟ್ಟಗಳ ಗುರುತುಗಳು ಕಾಣುತ್ತವೆ. ಹೊಸ ಯಂತ್ರಕ್ಕೆ ಮೇಲ್ಮಟ್ಟದ ಗುರುತಿನವರೆಗೆ ತುಂಬಿ, ಕೆಳಮಟ್ಟಕ್ಕೆ ಇಳಿಯುವ ಮುನ್ನ ಮತ್ತೆ ಸೇರಿಸಬೇಕು. ಬಳಸತಕ್ಕದ್ದು ಹೊಲಿಗೆಯಂತ್ರಕ್ಕೆಂದೇ ಮಾರುವ ತೆಳುವಾದ, ತಿಳಿಯಾದ ಖನಿಜ ಎಣ್ಣೆ. ಮನೆಯಲ್ಲಿದೆಯೆಂದು ಕೊಬ್ಬರಿ ಎಣ್ಣೆಯನ್ನಾಗಲಿ ಕಡಲೆಕಾಯಿ ಎಣ್ಣೆಯನ್ನಾಗಲಿ ಹಾಕಿದರೆ ಅದು ಕ್ರಮೇಣ ಅಂಟಾಗಿ ಕೀಲುಗಳನ್ನು ಕಟ್ಟಿಹಾಕುತ್ತದೆ. ವಾಹನದ ಎಂಜಿನ್ ಎಣ್ಣೆ ಬಲು ಮಂದ. ಅದು ಸಣ್ಣ ನಾಳಗಳಲ್ಲಿ ಸರಿಯಾಗಿ ಹರಿಯುವುದಿಲ್ಲ.

ಎಣ್ಣೆ ತುಂಬಿದ ಮೇಲೆ ಸೂಜಿಯ ದಾರವನ್ನು ತೆಗೆದು, ಬಟ್ಟೆಯನ್ನು ಒತ್ತಿಹಿಡಿಯುವ ಪಾದವನ್ನು ಮೇಲೆತ್ತಿ, ನಿಮಿಷಕ್ಕೆ ಸುಮಾರು 3000 ಹೊಲಿಗೆಯ ವೇಗದಲ್ಲಿ 10 ನಿಮಿಷ ಬರಿದೆ ನಡೆಸಬೇಕು. ಪಾದವನ್ನು ಎತ್ತದಿದ್ದರೆ ಬಟ್ಟೆಯನ್ನು ತಳ್ಳುವ ಹಲ್ಲುಗಳು ಅದಕ್ಕೆ ಉಜ್ಜಿ ಸವೆಯುತ್ತವೆ. ಯಂತ್ರದ ಮೇಲ್ಭಾಗದಲ್ಲಿರುವ ಗಾಜಿನ ಕಿಂಡಿಯಲ್ಲಿ ಎಣ್ಣೆ ಚಿಮ್ಮುವುದು ಕಂಡರೆ ಪಂಪು ಕೆಲಸ ಮಾಡುತ್ತಿದೆಯೆಂದು ತಿಳಿಯಬಹುದು. ಬಹುದಿನ ನಿಂತ ಯಂತ್ರಕ್ಕೂ, ಬೇಸಿಗೆ ರಜೆಯ ಅನಂತರ ಶಾಲೆ ತೆರೆದಾಗಲೂ, ಇದೇ ಕ್ರಮ ಅವಶ್ಯಕ. ಮೊದಲ ತಿಂಗಳು ಯಂತ್ರವನ್ನು ಪೂರ್ಣ ವೇಗದಿಂದ ನಡೆಸಬಾರದು.

ಹುಕ್ಕಿಗೆ ಎಣ್ಣೆ ಸಾಕಷ್ಟು ಬರುತ್ತಿದೆಯೇ ಎಂಬುದನ್ನು ತಿಳಿಯಲು, ಯಂತ್ರ ಬಿಸಿಯಾದ ಮೇಲೆ ಅದರ ಅಡಿಯಲ್ಲಿ ಕಾಗದದ ತುಂಡೊಂದನ್ನು ಹುಕ್ಕಿಗೆ ತಾಗದಂತೆ ಐದು ಸೆಕೆಂಡು ಹಿಡಿಯಬೇಕು. ಈ ಪರೀಕ್ಷೆಯನ್ನು ಶಿಕ್ಷಕರೇ ಮಾಡತಕ್ಕದ್ದು, ಮಕ್ಕಳ ಕೈಗೆ ಕೊಡತಕ್ಕದ್ದಲ್ಲ. ಕಾಗದದ ಮೇಲೆ ತೆಳುವಾದ ಗೆರೆ ಮೂಡಿದರೆ ಸರಿ. ಏನೂ ಮೂಡದಿದ್ದರೆ ಎಣ್ಣೆ ಕಡಿಮೆ. ದಪ್ಪನೆಯ ಕಲೆಯಾದರೆ ಹೆಚ್ಚು, ಬಿಳಿಯ ಸಮವಸ್ತ್ರ ಹಾಳಾಗುತ್ತದೆ. ಇದನ್ನು ಹೊಂದಿಸಲು ಹುಕ್ಕಿನ ಬಳಿ ಒಂದು ತಿರುಪು ಇರುತ್ತದೆ.

ಸೂಜಿ ಮತ್ತು ದಾರ

ಮನೆಯ ಯಂತ್ರದ ಸೂಜಿಯ ಬುಡ ಒಂದು ಪಕ್ಕ ಚಪ್ಪಟೆಯಾಗಿರುತ್ತದೆ. ಈ ಉದ್ಯಮ ಯಂತ್ರದ ಸೂಜಿಯದು ಪೂರ್ತಿ ದುಂಡು. ಆದುದರಿಂದ ಇದನ್ನು ತಪ್ಪಾಗಿ ಕೂರಿಸುವ ಸಂಭವ ಹೆಚ್ಚು. ಉದ್ದವಾದ ಗಾಡಿ ಎಡಕ್ಕೂ, ಕಣ್ಣಿನ ಮೇಲಿನ ತಗ್ಗು ಬಲಕ್ಕೂ ಇರುವಂತೆ, ಸೂಜಿಯನ್ನು ತುದಿಮುಟ್ಟ ಮೇಲಕ್ಕೆ ಸೇರಿಸಿ ತಿರುಪನ್ನು ಬಿಗಿಯಬೇಕು. ದಾರವನ್ನು ಎಡದಿಂದ ಬಲಕ್ಕೆ ಪೋಣಿಸಬೇಕು. ತೆಳು ಬಟ್ಟೆಗೆ 11ನೆಯ ಸಂಖ್ಯೆ, ಸಮವಸ್ತ್ರದ ಸಾಧಾರಣ ಬಟ್ಟೆಗೆ 14, ಖಾಕಿಯಂತಹ ದಪ್ಪ ಬಟ್ಟೆಗೆ 16 ಅಥವಾ 18ನೆಯ ಸಂಖ್ಯೆಯ ಸೂಜಿ ಯೋಗ್ಯ. ಹೊಲಿಗೆ ತಪ್ಪುತ್ತಿದ್ದರೆ ಯಂತ್ರವನ್ನು ಬಿಚ್ಚುವ ಮೊದಲು ಸೂಜಿಯನ್ನು ಬದಲಿಸಿ ನೋಡಬೇಕು. ದೋಷ ಎಷ್ಟೋ ಸಲ ಅಲ್ಲಿಯೇ ಇರುತ್ತದೆ.

ದಾರದ ಬಿಗಿಯನ್ನು ಕೆಳಗಿನಿಂದ ಆರಂಭಿಸಿ ಹೊಂದಿಸುವುದು ಕ್ರಮ. ಬಾಬಿನ್ ಕೇಸನ್ನು ದಾರದಿಂದ ತೂಗುಹಾಕಿದಾಗ ಅದು ತಾನಾಗಿ ಜಾರಬಾರದು, ಕೈಯನ್ನು ಮೆಲ್ಲನೆ ಕುಲುಕಿದರೆ ಸ್ವಲ್ಪ ಇಳಿಯಬೇಕು. ಬಳಿಕ ಮೇಲಿನ ದಾರವನ್ನು ಹೊಂದಿಸಬೇಕು. ಬಟ್ಟೆಯ ಕೆಳಬದಿಯಲ್ಲಿ ಕುಣಿಕೆ ಕಂಡರೆ ಮೇಲಿನ ದಾರ ಸಡಿಲ. ಕೆಳದಾರ ಮೇಲ್ಬದಿಗೆ ಎಳೆದು ಬಂದರೆ ಮೇಲಿನ ದಾರ ಬಿಗಿ. ಎರಡೂ ಎಳೆಗಳು ಬಟ್ಟೆಯ ಒಡಲಲ್ಲಿ ಕಲೆತು ಹೊರಗೆ ಕಾಣದಂತಿರುವುದೇ ಉತ್ತಮ ಹೊಲಿಗೆ.

ದಿನಚರಿ

ನಿತ್ಯವೂ ಪಾಠ ಮುಗಿದ ಮೇಲೆ ವಿದ್ಯುತ್ತನ್ನು ನಿಲ್ಲಿಸಿ, ಹಲ್ಲುಗಳ ಮೇಲಿನ ತಗಡನ್ನು ತೆಗೆದು, ಹಲ್ಲುಗಳ ಸಂದಿನಲ್ಲಿಯೂ ಹುಕ್ಕಿನ ಸುತ್ತಲೂ ಸೇರಿದ ನೂಲಿನ ಧೂಳನ್ನು ಕುಂಚದಿಂದ ತೆಗೆಯಬೇಕು. ಕ್ಲಚ್ ಮೋಟಾರು ಗುಂಡಿ ಆರಿಸಿದ ಮೇಲೆಯೂ ಕೊಂಚ ಹೊತ್ತು ತಿರುಗುತ್ತಿರುತ್ತದೆ. ಅದು ಪೂರ್ತಿ ನಿಂತಿದೆಯೆಂದು ಖಚಿತವಾಗುವವರೆಗೆ ಸೂಜಿಯ ಬಳಿ ಕೈ ಒಯ್ಯಕೂಡದು. ನಿತ್ಯ ಬೆಳಗ್ಗೆ ಎಣ್ಣೆಯ ಮಟ್ಟವನ್ನು, ವಾರಕ್ಕೊಮ್ಮೆ ಬೆಲ್ಟು ಮತ್ತು ತಿರುಪುಗಳನ್ನು ನೋಡಬೇಕು. ಮೊದಲ ತಿಂಗಳ ಕೊನೆಗೆ, ಆಮೇಲೆ ವರ್ಷಕ್ಕೆ ಎರಡು ಸಲ, ಹಳೆಯ ಎಣ್ಣೆಯನ್ನು ತೆಗೆದು ತಟ್ಟೆಯನ್ನು ಒರೆಸಿ ಹೊಸದನ್ನು ತುಂಬುವುದು ಒಳ್ಳೆಯದು. ಸೂಜಿ ಮತ್ತು ಹುಕ್ಕುಗಳ ಹೊಂದಾಣಿಕೆ ತಪ್ಪಿದರೆ ಮಾತ್ರ ಅನುಭವಿ ದುರಸ್ತಿಗಾರನನ್ನು ಕರೆಯಬೇಕು. ಉಳಿದುದೆಲ್ಲವನ್ನೂ ಕಲಿಯುವ ಮಕ್ಕಳೇ ಮಾಡಬಲ್ಲರು. ಅವರಿಂದ ಮಾಡಿಸುವುದೇ ಶಿಕ್ಷಣ. ಯಂತ್ರವನ್ನು ನೋಡಿಕೊಳ್ಳಬಲ್ಲವಳು ಕಾರ್ಖಾನೆಯಲ್ಲಿ ಬರಿಯ ಕೈಯಾಗಿ ಉಳಿಯದೆ ಕೆಲಸ ಬಲ್ಲವಳೆನಿಸುತ್ತಾಳೆ.

ಪ್ರತಿಯೊಂದು ಯಂತ್ರಕ್ಕೂ ಒಂದು ಸಣ್ಣ ಪುಸ್ತಕವನ್ನು ದಾರದಿಂದ ಕಟ್ಟಿ ತೂಗುಹಾಕುವುದು ಉಪಯುಕ್ತ. ಅದರಲ್ಲಿ ದಿನಾಂಕ, ಎಣ್ಣೆ ನೋಡಿದವರ ಸಹಿ, ಬದಲಿಸಿದ ಸೂಜಿ, ಕಂಡುಬಂದ ದೋಷ ಇಷ್ಟಿದ್ದರೆ ಸಾಕು. ನನ್ನ ತಪ್ಪಿನ ತರುವಾಯ ಆ ಶಾಲೆಯಲ್ಲಿ ನಾನು ಮೊದಲು ಮಾಡಿದ ಕೆಲಸ ಇದೇ.

ದಾನಿಗಳಲ್ಲಿಯೂ ಹಳೆಯ ವಿದ್ಯಾರ್ಥಿಗಳಲ್ಲಿಯೂ ಒಂದು ವಿನಂತಿ. ಐದು ಯಂತ್ರ ಕೊಡಲು ಸಂಕಲ್ಪಿಸಿದವರು ನಾಲ್ಕನ್ನೇ ಕೊಟ್ಟು, ಉಳಿದ ಹಣವನ್ನು ಎಣ್ಣೆ, ಸೂಜಿ, ಬೆಲ್ಟು, ಬಾಬಿನ್ ಕೇಸುಗಳಿಗೆ ಮೀಸಲಿಟ್ಟರೆ ಆ ನಾಲ್ಕೂ ನಡೆಯುತ್ತವೆ. ಉಡುಪಿನ ಕಾರ್ಖಾನೆಗಳಲ್ಲಿ ದುರಸ್ತಿಯ ಕೆಲಸ ಬಲ್ಲ ಹಳೆಯ ವಿದ್ಯಾರ್ಥಿಗಳು ವರ್ಷಕ್ಕೆ ಎರಡು ದಿನ ಬಂದು ಯಂತ್ರಗಳನ್ನು ನೋಡಿದರೆ ಅದು ಹಣಕ್ಕಿಂತ ಹಿರಿದಾದ ಸೇವೆ. ದಾಸೋಹದ ಅಡುಗೆ ಮನೆಯಲ್ಲಿ ಅಕ್ಕಿಯ ಮೂಟೆ ಬಂದು ಬಿದ್ದ ಮಾತ್ರಕ್ಕೆ ಹಸಿದವನ ಹೊಟ್ಟೆ ತುಂಬುವುದಿಲ್ಲ. ಒಲೆ ಉರಿಸಿ ಬೇಯಿಸಿ ಬಡಿಸುವ ಕಾಯಕವೂ ನಡೆಯಬೇಕು. ಹಾಗೆಯೇ ಯಂತ್ರದ ದಾನವನ್ನು ಪೂರ್ಣಗೊಳಿಸುವುದು ಅದರ ನಿತ್ಯಪಾಲನೆ. ಆ ಪಾಲನೆ ನಮ್ಮ ಶಾಲೆಗಳಲ್ಲಿ ತಪ್ಪದೆ ನಡೆದು, ಕಲಿಯಲು ಬಂದ ಯಾವ ಹುಡುಗಿಯೂ ನಿಂತ ಯಂತ್ರದ ಮುಂದೆ ಕೈಕಟ್ಟಿ ಕೂರದಿರಲೆಂದು ಹಾರೈಸುತ್ತೇನೆ.