ಹಳೆಯ ಲ್ಯಾಪ್‌ಟಾಪುಗಳ ಸ್ಮೃತಿವರ್ಧನೆ ಮತ್ತು ಆಯುರ್ವರ್ಧನೆ

೨೦೧೩ನೆಯ ಇಸವಿಯ ಕಂಪನಿಗಳ ಕಾಯಿದೆಯ ಎರಡನೆಯ ಅನುಸೂಚಿಯಲ್ಲಿ ಲ್ಯಾಪ್‌ಟಾಪಿನ ಉಪಯುಕ್ತ ಆಯುಷ್ಯವನ್ನು ಮೂರು ವರ್ಷಗಳೆಂದು ಗೊತ್ತುಪಡಿಸಲಾಗಿದೆ. ಸವಕಳಿಯ ಲೆಕ್ಕ ಬರೆಯುವವರಿಗೆ ಇದೊಂದು ಅನುಕೂಲವಾದ ಕಟ್ಟಳೆಯೇ ಹೊರತು ಯಂತ್ರದ ನಿಜವಾದ ಬಾಳಿಕೆಯನ್ನು ಕುರಿತ ತೀರ್ಪಲ್ಲ. ಆದರೆ ಲೆಕ್ಕದ ಪುಸ್ತಕದಲ್ಲಿ ಬೆಲೆ ಕಳೆದುಕೊಂಡ ವಸ್ತುವನ್ನು ಬಳಕೆಯಲ್ಲಿಯೂ ಬೆಲೆಯಿಲ್ಲದುದೆಂದು ಭಾವಿಸುವ ಅಭ್ಯಾಸ ನಮ್ಮಲ್ಲಿ ಬೆಳೆದಿದೆ. ಯಂತ್ರವು ನಿಧಾನವಾದೊಡನೆ ಅದಕ್ಕೆ ವಯಸ್ಸಾಯಿತೆಂದು ಹೇಳಿ ಹೊಸದನ್ನು ಕೊಳ್ಳುತ್ತೇವೆ. ಈ ನಿಧಾನಕ್ಕೆ ಕಾರಣವೇನು, ಅದು ಪರಿಹಾರಸಾಧ್ಯವೇ ಎಂಬುದನ್ನು ವಿಚಾರಮಾಡುವುದೇ ಪ್ರಕೃತ ಲೇಖನದ ಉದ್ದೇಶ.

೧. ನಿಧಾನದ ಮೂಲ

ಗಣಕದ ಮುಖ್ಯಾಂಗಗಳು ಮೂರು: ಎಣಿಕೆ ನಡೆಸುವ ಪ್ರೊಸೆಸರು, ಸದ್ಯದ ಕೆಲಸಕ್ಕೆ ಬೇಕಾದುದನ್ನು ಕೈಗೆಟುಕುವಂತೆ ಇಟ್ಟುಕೊಳ್ಳುವ ಸ್ಮೃತಿ, ಅಂದರೆ ರೂಢಿಯ ಮಾತಿನಲ್ಲಿ ರ‍್ಯಾಮ್, ಎಲ್ಲವನ್ನೂ ಶಾಶ್ವತವಾಗಿ ಕಾದಿಡುವ ಡಿಸ್ಕು. ಬ್ಯಾಂಕಿನ ಗುಮಾಸ್ತನಿಗೂ ಅವನ ಮೇಜಿಗೂ ದಫ್ತರದ ಕೋಣೆಗೂ ಇರುವ ಸಂಬಂಧವೇ ಇವುಗಳಿಗೂ ಇದೆ. ಮೇಜು ಚಿಕ್ಕದಾದರೆ ಒಂದು ಲೆಡ್ಜರನ್ನು ತೆರೆಯುವುದಕ್ಕಾಗಿ ಇನ್ನೊಂದನ್ನು ಕೋಣೆಗೆ ಹೊತ್ತುಹಾಕಬೇಕಾಗುತ್ತದೆ. ಗುಮಾಸ್ತನು ಎಷ್ಟೇ ಚುರುಕಾದವನಾದರೂ ಅವನ ಹೊತ್ತೆಲ್ಲ ಓಡಾಟದಲ್ಲಿಯೇ ಕಳೆಯುವುದು.

ಈ ಓಡಾಟದ ಬೆಲೆಯನ್ನು ಎಣಿಸಿ ನೋಡಬಹುದು. ಹಳೆಯ ಲ್ಯಾಪ್‌ಟಾಪುಗಳ ಹಾರ್ಡ್ ಡಿಸ್ಕು ಸಾಮಾನ್ಯವಾಗಿ ನಿಮಿಷಕ್ಕೆ ೫,೪೦೦ ಸುತ್ತು ತಿರುಗುತ್ತದೆ. ಒಂದು ಸುತ್ತಿಗೆ ಸುಮಾರು ೧೧ ಮಿಲಿಸೆಕೆಂಡು ಹಿಡಿಯುವುದರಿಂದ, ಬೇಕಾದ ಭಾಗವು ಓದುವ ತಲೆಯ ಕೆಳಗೆ ಬರಲು ಸರಾಸರಿ ಐದೂವರೆ ಮಿಲಿಸೆಕೆಂಡು ಕಾಯಬೇಕು. ತಲೆಯು ತನ್ನ ಜಾಗಕ್ಕೆ ಚಲಿಸುವ ಹೊತ್ತು ಇದರ ಮೇಲೆ ಸೇರುತ್ತದೆ. ರ‍್ಯಾಮಿನಿಂದ ಒಂದು ಅಂಶವನ್ನು ಪಡೆಯಲು ಬೇಕಾಗುವುದು ಸೆಕೆಂಡಿನ ಕೋಟಿಯಲ್ಲೊಂದು ಪಾಲಿನಷ್ಟು ಕಾಲ. ಎರಡಕ್ಕೂ ಇರುವ ಅಂತರ ಸುಮಾರು ಒಂದು ಲಕ್ಷ ಪಟ್ಟು. ಇದರಿಂದ ವಿದಿತವಾಗುವುದೇನೆಂದರೆ, ಯಂತ್ರವು ಬಹುಮಟ್ಟಿಗೆ ಮುಪ್ಪಿನಿಂದ ನಿಧಾನವಾಗಿಲ್ಲ. ಅದರ ಪ್ರೊಸೆಸರು ಹಿಂದಿನ ವೇಗದಲ್ಲಿಯೇ ಇದೆ. ಬೆಳೆದಿರುವುದು ನಾವು ತೆರೆದಿಡುವ ಕಡತಗಳ, ಬ್ರೌಸರಿನ ಪುಟಗಳ ಹೊರೆ.

೨. ಪರೀಕ್ಷೆ

ಹಣ ಖರ್ಚುಮಾಡುವ ಮುನ್ನ ಕೊರತೆ ಎಲ್ಲಿದೆ ಎಂದು ತಿಳಿಯಬೇಕು. ವಿಂಡೋಸ್ ಉಳ್ಳ ಯಂತ್ರದಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಈ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರು ತೆರೆಯುತ್ತದೆ. ನಿತ್ಯದ ಕೆಲಸ ನಡೆಯುತ್ತಿರುವಾಗಲೇ ಅದನ್ನು ನೋಡತಕ್ಕದ್ದು. ಸ್ಮೃತಿಯು ಬಹುತೇಕ ತುಂಬಿದ್ದು ಡಿಸ್ಕು ಬಿಡುವಿಲ್ಲದೆ ದುಡಿಯುತ್ತಿದ್ದರೆ ಕೊರತೆ ಸ್ಮೃತಿಯದು. ಸ್ಮೃತಿ ಅರ್ಧ ಖಾಲಿಯಿದ್ದೂ ಡಿಸ್ಕು ನೂರಕ್ಕೆ ನೂರು ತೊಡಗಿದ್ದರೆ ಡಿಸ್ಕನ್ನು ಬದಲಿಸಬೇಕು. ಪ್ರೊಸೆಸರೇ ಸದಾ ತುದಿಮಟ್ಟದಲ್ಲಿದ್ದರೆ ರ‍್ಯಾಮ್ ಸೇರಿಸಿ ಪ್ರಯೋಜನವಿಲ್ಲ. ಎಷ್ಟು ಸ್ಲಾಟುಗಳಿವೆ, ಎಷ್ಟು ತುಂಬಿವೆ ಎಂಬುದೂ ಅಲ್ಲಿಯೇ ಕಾಣಸಿಗುತ್ತದೆ.

೩. ಸ್ಮೃತಿವರ್ಧನೆ

ಉದಾಹರಣೆಗೆ, ೨೦೧೨ರಲ್ಲಿ ಮಾರುಕಟ್ಟೆಗೆ ಬಂದ ಲೆನೊವೊ ಸಂಸ್ಥೆಯ ಥಿಂಕ್‌ಪ್ಯಾಡ್ ಟಿ ೪೩೦ ಎಂಬ ಮಾದರಿಯನ್ನು ನೋಡೋಣ. ೪ ಜಿಬಿ ಸ್ಮೃತಿಯೊಡನೆ ಮಾರಾಟವಾದವು ಇವುಗಳಲ್ಲಿ ಹಲವು. ಆದರೆ ಒಳಗೆ ಎರಡು ಸ್ಲಾಟುಗಳಿದ್ದು, ೧೬ ಜಿಬಿಯವರೆಗೆ ಏರಿಸಲು ಅವಕಾಶವಿದೆ. ಬರವಣಿಗೆ, ಓದು, ಪತ್ರವ್ಯವಹಾರಗಳಿಗೆ ೮ ಜಿಬಿ ಸಾಕಾಗುತ್ತದೆ. ೪ ಜಿಬಿಯ ಎರಡು ಸಮಾನ ತುಂಡುಗಳನ್ನು ಹಾಕಿದರೆ ಎರಡೂ ದಾರಿಗಳು ಏಕಕಾಲದಲ್ಲಿ ಕೆಲಸಮಾಡುವ ಲಾಭವೂ ಉಂಟು.

ಕೊಳ್ಳುವಾಗ ಪೀಳಿಗೆಯನ್ನು ಗಮನಿಸಬೇಕು. ಲ್ಯಾಪ್‌ಟಾಪಿನ ಡಿಡಿಆರ್-೩ ತುಂಡಿಗೆ ೨೦೪ ಪಿನ್ನುಗಳು, ಡಿಡಿಆರ್-೪ಕ್ಕೆ ೨೬೦. ಒಂದರ ಸ್ಲಾಟಿನಲ್ಲಿ ಇನ್ನೊಂದು ಕೂಡುವುದಿಲ್ಲ. ಡಿಡಿಆರ್-೩ರಲ್ಲಿಯೂ ೧.೫ ವೋಲ್ಟಿನದು, ೧.೩೫ ವೋಲ್ಟಿನದು ಎಂಬ ಭೇದವಿದೆ. ಎರಡನೆಯದು ೧.೫ ವೋಲ್ಟಿನಲ್ಲಿಯೂ ನಡೆಯುತ್ತದೆ, ಆದರೆ ೧.೩೫ ವೋಲ್ಟನ್ನೇ ಕೇಳುವ ಯಂತ್ರದಲ್ಲಿ ಮೊದಲನೆಯದು ನಡೆಯದು. ಮೇಲಾಗಿ, ೩೨ ಬಿಟ್ಟಿನ ವಿಂಡೋಸ್ ಇರುವಲ್ಲಿ ೪ ಜಿಬಿಗಿಂತ ಹೆಚ್ಚು ಹಾಕಿದರೂ ಅದು ಬಳಕೆಗೆ ಬಾರದು. ೬೪ ಬಿಟ್ಟಿನದನ್ನು ಸ್ಥಾಪಿಸಬೇಕಾಗುತ್ತದೆ.

ಜೋಡಿಸುವ ಮುನ್ನ ಯಂತ್ರವನ್ನು ಪೂರ್ತಿ ನಿಲ್ಲಿಸಿ, ಚಾರ್ಜರನ್ನೂ ಬ್ಯಾಟರಿಯನ್ನೂ ತೆಗೆಯತಕ್ಕದ್ದು. ಮೈಯಲ್ಲಿನ ಸ್ಥಿರವಿದ್ಯುತ್ತು ಹರಿದುಹೋಗುವಂತೆ ಭೂಸಂಪರ್ಕವುಳ್ಳ ಲೋಹವನ್ನು ಮುಟ್ಟಿ, ತುಂಡನ್ನು ಅಂಚಿನಲ್ಲಿ ಹಿಡಿದು ಓರೆಯಾಗಿ ತೂರಿಸಿ, ಪಕ್ಕದ ಕೊಕ್ಕೆಗಳು ಕಚ್ಚುವವರೆಗೆ ಮೆಲ್ಲನೆ ಒತ್ತಬೇಕು.

ಈ ಸೌಕರ್ಯ ಎಲ್ಲ ಯಂತ್ರಗಳಿಗೂ ಇಲ್ಲ. ೨೦೧೨ರ ಜೂನಿನಲ್ಲಿ ಆಪಲ್ ಸಂಸ್ಥೆಯು ಎರಡು ಬಗೆಯ ಮ್ಯಾಕ್‌ಬುಕ್ ಪ್ರೊಗಳನ್ನು ಒಟ್ಟಿಗೇ ಹೊರತಂದಿತು. ಹಳೆಯ ಬಗೆಯದರಲ್ಲಿ ಸ್ಲಾಟುಗಳಿದ್ದವು. ರೆಟಿನಾ ಪರದೆಯದರಲ್ಲಿ ರ‍್ಯಾಮನ್ನು ಮುಖ್ಯಫಲಕಕ್ಕೇ ಬೆಸುಗೆ ಹಾಕಲಾಗಿತ್ತು. ಆಮೇಲೆ ಬಂದ ತೆಳುವಾದ ಯಂತ್ರಗಳಲ್ಲಿ ಅನೇಕವು ಎರಡನೆಯ ದಾರಿಯನ್ನೇ ಹಿಡಿದವು. ಆದುದರಿಂದ ಹೊಸದನ್ನು ಕೊಳ್ಳುವವರು ಸ್ಲಾಟು ಇದೆಯೇ ಎಂದು ಮೊದಲೇ ವಿಚಾರಿಸುವುದು ಲೇಸು.

೪. ಡಿಸ್ಕು, ಬ್ಯಾಟರಿ, ವೆಚ್ಚ

ತಿರುಗುವ ಡಿಸ್ಕಿನ ಬದಲು ಎಸ್‌ಎಸ್‌ಡಿ ಹಾಕುವುದು ಎರಡನೆಯ ಸುಧಾರಣೆ. ಅದರಲ್ಲಿ ಚಲಿಸುವ ಭಾಗಗಳಿಲ್ಲವಾದುದರಿಂದ ಕಾಯುವ ಹೊತ್ತು ಹಾರ್ಡ್ ಡಿಸ್ಕಿನದರ ನೂರರಲ್ಲೊಂದು ಪಾಲಿಗೆ ಇಳಿಯುವುದುಂಟು. ಗಾಳಿಯ ದಾರಿಯಲ್ಲಿ ಕಟ್ಟಿದ ಧೂಳನ್ನು ತೆಗೆಸಿದರೆ, ಬಿಸಿಯೇರಿ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತಿದ್ದ ಪ್ರೊಸೆಸರು ಮತ್ತೆ ಸರಿಹೋಗುತ್ತದೆ. ಬ್ಯಾಟರಿ ಉಬ್ಬಿದ್ದರೆ ಒಂದು ದಿನವೂ ಬಳಸದೆ ಬದಲಿಸಬೇಕು.

ದುರಸ್ತಿಯ ಒಟ್ಟು ಖರ್ಚನ್ನು ಅದರಿಂದ ದೊರೆಯಬಹುದಾದ ವರ್ಷಗಳಿಂದ ಭಾಗಿಸಿ, ಹೊಸ ಯಂತ್ರದ ಬೆಲೆಯನ್ನೂ ಹಾಗೆಯೇ ಭಾಗಿಸಿ ಹೋಲಿಸಿದರೆ ಯಾವುದು ಲಾಭವೆಂಬುದು ಸ್ಪಷ್ಟವಾಗುವುದು. ಮುಖ್ಯಫಲಕವೇ ಕೆಟ್ಟಿದ್ದರೆ ಹಳೆಯದಕ್ಕೆ ಹಣ ಸುರಿಯುವುದು ಸಲ್ಲದು.

೫. ಕನ್ನಡದ ಕಡತಗಳು

ಸ್ಮೃತಿವರ್ಧನೆಯಿಂದ ನೀಗದ ತೊಡಕು ಒಂದಿದೆ. ವಿಂಡೋಸ್ ೧೦ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ ೨೦೨೫ರ ಅಕ್ಟೋಬರ್ ೧೪ರಂದು ಕೊನೆಗೊಂಡಿತು. ಟಿ ೪೩೦ರ ಪ್ರೊಸೆಸರು ವಿಂಡೋಸ್ ೧೧ರ ಅಂಗೀಕೃತ ಪಟ್ಟಿಯಲ್ಲಿಲ್ಲ. ಇಂಥ ಯಂತ್ರಗಳಿಗೆ ಲಿನಕ್ಸ್ ಮಿಂಟ್‌ನಂತಹ ಉಚಿತ ವ್ಯವಸ್ಥೆಗಳು ಒದಗುತ್ತವೆ. ಯೂನಿಕೋಡ್ ಕನ್ನಡವನ್ನು ಅವುಗಳಲ್ಲಿ ಓದಲೂ ಬರೆಯಲೂ ಅಡ್ಡಿಯಿಲ್ಲ.

ಆದರೆ ನಮ್ಮಲ್ಲಿ ಅನೇಕರ ಪ್ರಬಂಧಗಳು, ಶಾಸನಗಳ ಪ್ರತಿಗಳು, ಅಚ್ಚಾಗದ ಹಸ್ತಪ್ರತಿಗಳು ಯೂನಿಕೋಡಿಗೆ ಹಿಂದಿನ ನುಡಿ, ಬರಹ ಫಾಂಟುಗಳಲ್ಲಿವೆ. ಆ ಫಾಂಟು ಇಲ್ಲದ ಯಂತ್ರದಲ್ಲಿ ಅವು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗಿ ತೋರುತ್ತವೆ. ಆದ್ದರಿಂದ ಡಿಸ್ಕನ್ನು ಮುಟ್ಟುವ ಮುನ್ನ ಎಲ್ಲ ಕಡತಗಳನ್ನೂ ಬೇರೊಂದೆಡೆ ನಕಲುಮಾಡಿ, ಪರಿವರ್ತಕ ತಂತ್ರಾಂಶದಿಂದ ಯೂನಿಕೋಡಿಗೆ ತಂದು, ಒತ್ತಕ್ಷರಗಳೂ ಅರ್ಕಾವೊತ್ತೂ ಸರಿಯಾಗಿ ಬಂದಿವೆಯೇ ಎಂದು ಮೂಲದೊಡನೆ ಹೋಲಿಸಿ ನೋಡಬೇಕು. ಹಳೆಯ ಯಂತ್ರವನ್ನು ಉಳಿಸಿಕೊಳ್ಳುವವರೂ ವಿಲೇವಾರಿ ಮಾಡುವವರೂ ಈ ಕೆಲಸವನ್ನು ಎಲ್ಲಕ್ಕಿಂತ ಮೊದಲು ಮುಗಿಸತಕ್ಕದ್ದು.