ಮೊದಲ ಡ್ರಿಪ್ಪಿಗೆ ಮೊದಲು ಕೇಳಬೇಕಾದ ಪ್ರಶ್ನೆ

ಹದಿನಾರು ವರ್ಷದ ಹುಡುಗನಿಗೆ ಕ್ಯಾನ್ಸರ್ ಅಂತ ಗೊತ್ತಾದ ದಿನ ಮನೆಯವರು ಡಾಕ್ಟರನ್ನು ಕೇಳುವುದು ಒಂದೇ ಪ್ರಶ್ನೆ: 'ನಮ್ಮ ಹುಡುಗ ಉಳೀತಾನಾ?' ಇವತ್ತು ಈ ಪ್ರಶ್ನೆಗೆ 'ಉಳೀತಾನೆ' ಎಂಬ ಉತ್ತರ ಸಿಗುವುದು ಹಿಂದಿನ ಕಾಲಕ್ಕಿಂತ ಎಷ್ಟೋ ಹೆಚ್ಚು. ಹಾಜ್‌ಕಿನ್ ಲಿಂಫೋಮಾ, ವೃಷಣದ ಕ್ಯಾನ್ಸರ್, ಮಕ್ಕಳಿಗೆ ಸಾಮಾನ್ಯವಾಗಿ ಬರುವ ರಕ್ತದ ಕ್ಯಾನ್ಸರ್ ಇವೆಲ್ಲ ಸಕಾಲಕ್ಕೆ ಸರಿಯಾದ ಚಿಕಿತ್ಸೆ ಸಿಕ್ಕರೆ ಬಹುಪಾಲು ಗುಣವಾಗುವಂಥವು. ಗುಣವಾದ ಹುಡುಗ ಓದು ಮುಗಿಸ್ತಾನೆ, ಕೆಲಸಕ್ಕೆ ಸೇರ್ತಾನೆ, ಮದುವೆ ಆಗ್ತಾನೆ. ಆಗ ಎರಡನೆಯ ಪ್ರಶ್ನೆ ಏಳುತ್ತದೆ: 'ಮಕ್ಕಳಾಗುತ್ತವಾ?'

ಈ ಎರಡನೆಯ ಪ್ರಶ್ನೆಯನ್ನು ಕೇಳಬೇಕಾದ ಕಾಲ ಮದುವೆಯಾದ ಮೇಲಲ್ಲ. ಕೀಮೋ ಔಷಧಿಯ ಮೊದಲ ಬಾಟಲಿ ಏರಿಸುವ ಮುಂಚೆ. ಆಗ ಕೇಳಿದರೆ ಒಂದೆರಡು ದಿನದಲ್ಲಿ ಮುಗಿಯುವ ಒಂದು ಸುಲಭ ದಾರಿ ಇದೆ: ಹುಡುಗನ ವೀರ್ಯವನ್ನು ತೆಗೆದು ಹೆಪ್ಪುಗಟ್ಟಿಸಿ ಇಡುವುದು. ಆಮೇಲೆ ಕೇಳಿದರೆ ಆ ದಾರಿ ಮುಚ್ಚಿಹೋಗಿರಬಹುದು.

ಗಡಿನಾಡಿನ ಶಿಕ್ಷಕರಾದ ನಮಗೆ ಇದರಲ್ಲಿ ಬೇರೆಯದೇ ಪಾಲಿದೆ. ಕಾಸರಗೋಡಿನ ಹುಡುಗನ ಆಸ್ಪತ್ರೆ ಕಾಗದ ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಇರುತ್ತದೆ. ಜತ್ತ, ಅಕ್ಕಲಕೋಟೆಯವನದು ಮರಾಠಿ, ತಾಳವಾಡಿಯವನದು ತಮಿಳು, ಆದೋನಿ ಕಡೆಯವನದು ತೆಲುಗು. ಮನೆಯಲ್ಲಿ ಕನ್ನಡ ಬಿಟ್ಟು ಬೇರೆ ಓದಲು ಬಾರದಿದ್ದರೆ ಆ ಕಾಗದ ಹಿಡಿದುಕೊಂಡು ಬರುವುದು ಶಾಲೆಗೇ. 'ಸಾರ್, ಇದರಲ್ಲಿ ಏನು ಬರೆದಿದೆ ನೋಡಿ' ಅಂತ. ಆ ಹೊತ್ತಿಗೆ ಈ ವಿಷಯ ಗೊತ್ತಿದ್ದ ಮೇಷ್ಟ್ರೋ ಟೀಚರೋ ಒಂದು ಮಾತು ಹೇಳಿದರೆ ಹುಡುಗನ ಮುಂದಿನ ಬದುಕಿಗೆ ಉಪಕಾರವಾಗುತ್ತದೆ.

ಔಷಧಿಯಿಂದ ಆಗುವುದೇನು?

ಕೀಮೋ ಔಷಧಿ ಬೇಗಬೇಗ ವಿಭಜನೆಯಾಗುವ ಜೀವಕೋಶಗಳ ಮೇಲೆ ಕೆಲಸ ಮಾಡುತ್ತದೆ. ಕ್ಯಾನ್ಸರ್ ಕೋಶ ಹಾಗೆ ವಿಭಜನೆಯಾಗುತ್ತದೆ, ಅದಕ್ಕೇ ಸಾಯುತ್ತದೆ. ಆದರೆ ಕೂದಲಿನ ಬುಡದ ಕೋಶಗಳೂ ಹಾಗೆಯೇ, ಅದಕ್ಕೇ ಕೂದಲು ಉದುರುವುದು. ವೃಷಣದೊಳಗೆ ವೀರ್ಯಾಣು ತಯಾರಾಗುವ ಕಡೆ ಕೂಡ ಹಗಲೂ ರಾತ್ರಿ ವಿಭಜನೆ ನಡೆದೇ ಇರುತ್ತದೆ. ಒಂದು ವೀರ್ಯಾಣು ಮೊದಲಿಂದ ಕೊನೆಯವರೆಗೆ ತಯಾರಾಗಲು ಸುಮಾರು ಎರಡೂವರೆ ತಿಂಗಳು ಬೇಕು, ಆದರೆ ದಿನವೊಂದಕ್ಕೆ ತಯಾರಾಗುವವು ಕೋಟಿಗಟ್ಟಲೆ. ಆದ್ದರಿಂದ ಔಷಧಿಯ ಪೆಟ್ಟು ಅಲ್ಲಿಗೂ ಬೀಳುತ್ತದೆ.

ಪೆಟ್ಟು ಎಷ್ಟು ಎಂಬುದು ಔಷಧಿಯ ಮೇಲೆ ಹೋಗುತ್ತದೆ. ಸೈಕ್ಲೋಫಾಸ್ಫಮೈಡ್, ಪ್ರೊಕಾರ್ಬಜೀನ್ ಮುಂತಾದ ಗುಂಪಿನ ಔಷಧಿಗಳು ಹೆಚ್ಚು ಪ್ರಮಾಣದಲ್ಲಿ ಹೋದರೆ ವೀರ್ಯಾಣುವಿನ ಆಕರ ಕೋಶಗಳೇ ಸಾಯಬಹುದು. ಬಿತ್ತನೆ ಬೀಜವೇ ಸುಟ್ಟುಹೋದರೆ ಮುಂದಿನ ಬೆಳೆ ಎಲ್ಲಿಂದ ಬರಬೇಕು? ಹಾಜ್‌ಕಿನ್ ಲಿಂಫೋಮಾಕ್ಕೆ ಈಗ ಹೆಚ್ಚಾಗಿ ಕೊಡುವ ಔಷಧಿ ಕೂಟದಲ್ಲಿ ಈ ಅಪಾಯ ಹಳೆಯ ಕೂಟಕ್ಕಿಂತ ಬಹಳ ಕಡಿಮೆ. ಕೆಲವರಲ್ಲಿ ತಿಂಗಳುಗಳಾದ ಮೇಲೋ ವರ್ಷಗಳಾದ ಮೇಲೋ ವೀರ್ಯಾಣು ತಾನಾಗಿಯೇ ಮರಳಿ ಬರುತ್ತದೆ. ಆದರೆ ಯಾರಿಗೆ ಮರಳುತ್ತದೆ, ಯಾರಿಗಿಲ್ಲ ಎಂದು ಮುಂಚಿತವಾಗಿ ಖಚಿತ ಹೇಳಲು ಬರುವುದಿಲ್ಲ. ಹೊಟ್ಟೆಯ ಕೆಳಭಾಗಕ್ಕೆ ಕೊಡುವ ವಿಕಿರಣ, ಅಸ್ಥಿಮಜ್ಜೆ ಬದಲಿಸುವ ಮುಂಚೆ ಕೊಡುವ ಭಾರಿ ಔಷಧಿ ಇವುಗಳಿಂದಲೂ ಇದೇ ತೊಂದರೆ.

ಕ್ಯಾನ್ಸರ್ ಒಂದೇ ಅಲ್ಲ. ವಯನಾಡು, ನೀಲಗಿರಿಯ ಬುಡಕಟ್ಟು ಸಮುದಾಯಗಳಲ್ಲಿ ಕುಡಗೋಲು ಕಣ ರಕ್ತಹೀನತೆ, ಅಂದರೆ ಸಿಕಲ್ ಸೆಲ್ ಕಾಯಿಲೆ, ಇರುವುದು ಅಲ್ಲಿನ ಶಿಕ್ಷಕರಿಗೆ ಗೊತ್ತು. ಅದಕ್ಕೆ ಕೊಡುವ ಹೈಡ್ರಾಕ್ಸಿಯೂರಿಯ ಒಳ್ಳೆಯ ಔಷಧಿ, ನೋವಿನ ಸಂಕಟ ಕಡಿಮೆ ಮಾಡುತ್ತದೆ. ಆದರೆ ಅದು ವೀರ್ಯಾಣುವಿನ ಸಂಖ್ಯೆ ಇಳಿಸಬಹುದು. ಹಾಗಂತ ಔಷಧಿ ನಿಲ್ಲಿಸಕೂಡದು. ಹದಿಹರೆಯದ ಹುಡುಗನಿಗೆ ಅದನ್ನು ಶುರು ಮಾಡುವಾಗ ಡಾಕ್ಟರ ಹತ್ತಿರ ಈ ಮಾತೂ ಎತ್ತಬೇಕು, ಅಷ್ಟೇ.

ಇಲ್ಲಿ ಒಂದು ಗೊಂದಲ ಬಿಡಿಸಬೇಕು. ವೀರ್ಯಾಣು ಇಲ್ಲದಿರುವುದು ಬೇರೆ, ಗಂಡಸುತನ ಇಲ್ಲದಿರುವುದು ಬೇರೆ. ಗಂಡು ಹಾರ್ಮೋನು ತಯಾರಿಸುವ ಕೋಶಗಳು ಬೇರೆಯವು, ಅವು ಔಷಧಿಯನ್ನು ಹೆಚ್ಚು ತಾಳಿಕೊಳ್ಳುತ್ತವೆ. ಗಡ್ಡಮೀಸೆ, ದನಿ, ದಾಂಪತ್ಯ ಎಲ್ಲ ಸರಿಯಿದ್ದೂ ವೀರ್ಯಾಣು ಇಲ್ಲದೆ ಇರಬಹುದು. ಹುಡುಗನಿಗೂ ಮನೆಯವರಿಗೂ ಇದನ್ನು ಬಿಡಿಸಿ ಹೇಳಿದರೆ ಅರ್ಧ ಭಯ ಹೋಗುತ್ತದೆ.

ಬಾಟಲಿಯ ಚೀಟಿ ತಪ್ಪಿದ್ದರಿಂದ ಸಿಕ್ಕ ವಿದ್ಯೆ

ಇಟಲಿಯ ಪಾದ್ರಿ ವಿಜ್ಞಾನಿ ಸ್ಪಾಲಂಜಾನಿ 1776ರಲ್ಲೇ ಒಂದು ಸಂಗತಿ ಗಮನಿಸಿದ್ದ: ಹಿಮದಲ್ಲಿಟ್ಟ ವೀರ್ಯಾಣು ಅಲ್ಲಾಡದೆ ನಿಂತಿತು, ಬೆಚ್ಚಗೆ ಮಾಡಿದರೆ ಮತ್ತೆ ಚಲಿಸಿತು. ಆದರೆ ಪೂರ್ತಿ ಹೆಪ್ಪುಗಟ್ಟಿಸಿದರೆ ಬಹುಪಾಲು ಸಾಯುತ್ತಿದ್ದವು. ಕಾರಣ ನೀರು. ಹೊರಗಿನ ನೀರು ಮೊದಲು ಮಂಜುಗಡ್ಡೆಯಾಗುತ್ತದೆ, ಉಳಿದ ನೀರಿನಲ್ಲಿ ಉಪ್ಪು ಗಟ್ಟಿಯಾಗುತ್ತದೆ, ಅಭಿಸರಣೆಯಿಂದ ಕೋಶದೊಳಗಿನ ನೀರು ಹೊರಗೆ ಎಳೆದುಹೋಗಿ ಕೋಶ ಸೊರಗುತ್ತದೆ. ತಣಿಸುವುದನ್ನು ತೀರಾ ವೇಗ ಮಾಡಿದರೆ ಕೋಶದೊಳಗೇ ಮಂಜಿನ ಹರಳು ಮೂಡಿ ಪೊರೆ ಹರಿಯುತ್ತದೆ.

ಪರಿಹಾರ ಸಿಕ್ಕಿದ್ದು ಲಂಡನ್ನಿನ ಮಿಲ್ ಹಿಲ್‌ನಲ್ಲಿ, 1949ರಲ್ಲಿ. ಕ್ರಿಸ್ಟೋಫರ್ ಪೋಲ್ಜ್, ಆಡ್ರೆ ಸ್ಮಿತ್, ಆಲನ್ ಪಾರ್ಕ್ಸ್ ಎಂಬ ಮೂವರು ಹುಂಜದ ವೀರ್ಯವನ್ನು ಹಣ್ಣಿನ ಸಕ್ಕರೆಯ ದ್ರಾವಣದಲ್ಲಿ ಹೆಪ್ಪುಗಟ್ಟಿಸಿ ನೋಡುತ್ತಿದ್ದರು. ಏನೂ ಫಲವಿರಲಿಲ್ಲ. ಕೆಲವು ತಿಂಗಳ ಮೇಲೆ ಶೀತಲ ಕೋಣೆಯಲ್ಲಿದ್ದ ಹಳೇ ಬಾಟಲಿ ತೆಗೆದು ಮತ್ತೆ ಮಾಡಿದರೆ, ಮೈನಸ್ 79 ಡಿಗ್ರಿಗೆ ಹೋಗಿ ಬಂದ ವೀರ್ಯಾಣು ಚಲಿಸತೊಡಗಿತು! ಹೊಸದಾಗಿ ಸಕ್ಕರೆ ದ್ರಾವಣ ಮಾಡಿ ನೋಡಿದರೆ ಮತ್ತೆ ಇಲ್ಲ. ಹಳೇ ಬಾಟಲಿಯಲ್ಲಿ ಉಳಿದಿದ್ದನ್ನು ಪರೀಕ್ಷೆಗೆ ಕೊಟ್ಟಾಗ ಅದರಲ್ಲಿ ಸಕ್ಕರೆಯೇ ಇಲ್ಲ, ಗ್ಲಿಸರಿನ್ ಇದೆ ಅಂತ ತಿಳಿಯಿತು. ಬಾಟಲಿಯ ಚೀಟಿ ಅದಲುಬದಲಾಗಿತ್ತು.

ಗ್ಲಿಸರಿನ್ ಕೋಶದೊಳಗೆ ಹೊಕ್ಕು ನೀರಿನ ಜೊತೆ ಬೆರೆತು ಹರಳು ಕಟ್ಟುವುದನ್ನು ತಡೆಯುತ್ತದೆ, ಉಪ್ಪಿನ ಹೊಡೆತವನ್ನೂ ಕಡಿಮೆ ಮಾಡುತ್ತದೆ. ವೀರ್ಯಾಣು ತುಂಬ ಚಿಕ್ಕದು, ಅದರೊಳಗೆ ನೀರು ಕಡಿಮೆ. ಹಾಗಾಗಿ ಅದು ಹೆಪ್ಪುಗಟ್ಟುವುದನ್ನು ಸಹಿಸುತ್ತದೆ. ದೊಡ್ಡದಾದ, ನೀರು ತುಂಬಿದ ಅಂಡಕ್ಕೆ ಇದು ಬಹಳ ಕಷ್ಟವಾಯಿತು. 1953ರಲ್ಲಿ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಬಂಜ್ ಮತ್ತು ಶರ್ಮನ್, ಹೆಪ್ಪುಗಟ್ಟಿಸಿ ಕರಗಿಸಿದ ಮನುಷ್ಯ ವೀರ್ಯದಿಂದ ಗರ್ಭ ನಿಂತಿದ್ದನ್ನು ವರದಿ ಮಾಡಿದರು.

ಇದೇ ವಿದ್ಯೆ ನಮ್ಮ ಊರಿನ ಪಶು ಆಸ್ಪತ್ರೆಯಲ್ಲೂ ಇದೆ. ಬೆದೆಗೆ ಬಂದ ಹಸುವಿಗೆ 'ಇಂಜೆಕ್ಷನ್' ಕೊಡಿಸುತ್ತಾರಲ್ಲ, ಆಗ ಡಾಕ್ಟರು ಹೊಗೆಯಾಡುವ ಕ್ಯಾನಿನಿಂದ ಎತ್ತುವ ತೆಳ್ಳನೆಯ ಕಡ್ಡಿಯಲ್ಲಿ ಇರುವುದು ಹೆಪ್ಪುಗಟ್ಟಿದ ಹೋರಿಯ ವೀರ್ಯ. ಕ್ಯಾನಿನೊಳಗೆ ದ್ರವ ಸಾರಜನಕ, ಉಷ್ಣತೆ ಮೈನಸ್ 196 ಡಿಗ್ರಿ. ಹೈನು ಕಟ್ಟಿದ ಮನೆಯ ಮಕ್ಕಳಿಗೆ ಇದು ಹೊಸದಲ್ಲ. ಈ ಪಾಠವನ್ನು ನಾಚಿಕೆಯಿಲ್ಲದೆ ಶುರು ಮಾಡಲು ಇದಕ್ಕಿಂತ ಒಳ್ಳೆಯ ಜಾಗ ಸಿಗದು.

ತರಗತಿಯಲ್ಲಿ ಮಾಡಿ ನೋಡಿ

ಎರಡು ಸ್ಟೀಲ್ ಲೋಟ ತೆಗೆದುಕೊಳ್ಳಿ. ಒಂದರಲ್ಲಿ ಬರೀ ನೀರು, ಇನ್ನೊಂದರಲ್ಲಿ ಅರ್ಧ ನೀರು, ಅರ್ಧ ಔಷಧಿ ಅಂಗಡಿಯ ಗ್ಲಿಸರಿನ್ ಹಾಕಿ ಚೆನ್ನಾಗಿ ಕಲಸಿ. ಜೊತೆಗೆ ಒಂದು ಹೋಳು ಸೌತೆಕಾಯಿ ಇಡಿ. ಮೂರನ್ನೂ ಫ್ರಿಜ್ಜಿನ ಮಂಜುಗಡ್ಡೆ ಪೆಟ್ಟಿಗೆಯಲ್ಲಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ನೀರು ಕಲ್ಲಾಗಿರುತ್ತದೆ, ಗ್ಲಿಸರಿನ್ ನೀರು ಇನ್ನೂ ಹರಿಯುತ್ತಿರುತ್ತದೆ. ಸೌತೆಕಾಯಿ ಹೋಳನ್ನು ಹೊರಗಿಟ್ಟು ಕರಗಲು ಬಿಡಿ. ಅದು ಮೆತ್ತಗಾಗಿ ನೀರು ಬಿಡುತ್ತದೆ, ಯಾಕೆಂದರೆ ಮಂಜಿನ ಹರಳು ಅದರ ಕೋಶಗಳನ್ನು ಒಡೆದಿದೆ. ಅಭಿಸರಣೆ, ಘನೀಭವನ, ಕೋಶಪೊರೆ ಮೂರೂ ಪಾಠ ಒಂದೇ ಪ್ರಯೋಗದಲ್ಲಿ ಕೂಡಿಬರುತ್ತವೆ.

ಆಸ್ಪತ್ರೆಯಲ್ಲಿ ನಡೆಯುವುದು

ಹುಡುಗ ಪ್ರಾಯಕ್ಕೆ ಬಂದಿದ್ದರೆ ಸಾಕು, ಮದುವೆ ಆಗಿರಬೇಕಿಲ್ಲ. ಮೊದಲು ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ ಮುಂತಾದವಕ್ಕೆ ರಕ್ತ ಪರೀಕ್ಷೆ. ಆಮೇಲೆ ಒಂದು ಪ್ರತ್ಯೇಕ ಕೋಣೆಯಲ್ಲಿ ಹಸ್ತಮೈಥುನದಿಂದ ವೀರ್ಯವನ್ನು ಶುದ್ಧವಾದ ಡಬ್ಬಿಗೆ ಹಿಡಿದು ಕೊಡಬೇಕು. ಪ್ರಯೋಗಾಲಯದಲ್ಲಿ ಸಂಖ್ಯೆ, ಚಲನೆ ನೋಡಿ, ಗ್ಲಿಸರಿನ್ ಇರುವ ದ್ರಾವಣವನ್ನು ಹನಿಹನಿಯಾಗಿ ಬೆರೆಸಿ, ಸಣ್ಣ ಶೀಶೆಗಳಲ್ಲಿ ತುಂಬಿ, ಹೆಸರು ಬರೆದು, ಮೊದಲು ಸಾರಜನಕದ ಆವಿಯಲ್ಲಿ ತಣಿಸಿ, ನಂತರ ಟ್ಯಾಂಕಿಗೆ ಇಳಿಸುತ್ತಾರೆ. ಸಮಯವಿದ್ದರೆ ಎರಡು ಮೂರು ದಿನ ಬಿಟ್ಟು ಇನ್ನೊಂದು ಸಲ ಕೊಡಬಹುದು. ಇಲ್ಲದಿದ್ದರೆ ಒಂದು ಸಲದ್ದೇ ಆಗುತ್ತದೆ.

ಕಾಯಿಲೆಯಿಂದ ವೀರ್ಯಾಣು ಮೊದಲೇ ಕಡಿಮೆ ಇರಬಹುದು, ಕರಗಿಸಿದಾಗ ಸುಮಾರು ಅರ್ಧದಷ್ಟು ಚಲನೆ ಕಳೆದುಕೊಳ್ಳಲೂಬಹುದು. ಹಾಗಾದರೂ ಪ್ರಯೋಜನವಿದೆ. 1992ರಲ್ಲಿ ಬ್ರಸೆಲ್ಸ್‌ನ ವೈದ್ಯರು ಒಂದೇ ಒಂದು ವೀರ್ಯಾಣುವನ್ನು ಸೂಜಿಯಿಂದ ಅಂಡದೊಳಗೆ ಸೇರಿಸಿ ಗರ್ಭ ನಿಲ್ಲಿಸುವ ವಿಧಾನವನ್ನು ವರದಿ ಮಾಡಿದರು. ಆಮೇಲೆ ಕೋಟಿಗಟ್ಟಲೆ ವೀರ್ಯಾಣು ಬೇಕೆಂಬ ಕಟ್ಟು ಹೋಯಿತು.

ಎಷ್ಟು ವರ್ಷ ಇಡಬಹುದು? ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ವೃಷಣದ ಕ್ಯಾನ್ಸರ್ ಬಂದ 17 ವರ್ಷದ ಹುಡುಗನ ವೀರ್ಯವನ್ನು 1979ರಲ್ಲಿ ತೆಗೆದಿಟ್ಟಿದ್ದರು. 21 ವರ್ಷ ಇಟ್ಟಿದ್ದ ಆ ವೀರ್ಯದಿಂದ ಆರೋಗ್ಯವಂತ ಮಗು ಹುಟ್ಟಿದ ವರದಿ 2004ರಲ್ಲಿ ಪ್ರಕಟವಾಯಿತು. ಆದರೆ ತೆಗೆದಿಟ್ಟರೆ ಮಗು ಖಂಡಿತ ಆಗುತ್ತದೆ ಎಂದು ಯಾರಿಗೂ ಮಾತು ಕೊಡಬೇಡಿ. ಹೆಂಡತಿಯ ವಯಸ್ಸು, ಆರೋಗ್ಯ, ಮುಂದಿನ ಚಿಕಿತ್ಸೆಯ ಖರ್ಚು ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಇದರಿಂದ ಸಿಗುವುದು ಒಂದು ಅವಕಾಶ.

ಬೇರೆ ದಾರಿಗಳು

ನೋವು, ಭಯ, ಸಂಕೋಚದಿಂದ ಹುಡುಗನಿಗೆ ವೀರ್ಯ ಕೊಡಲು ಆಗದಿದ್ದರೆ ಅರಿವಳಿಕೆ ಕೊಟ್ಟು ವೃಷಣದಿಂದಲೇ ಸೂಜಿಯಲ್ಲೋ ಸಣ್ಣ ಶಸ್ತ್ರಕ್ರಿಯೆಯಲ್ಲೋ ವೀರ್ಯಾಣು ತೆಗೆಯಬಹುದು. ವಿಕಿರಣ ಕೊಡುವಾಗ ಸಾಧ್ಯವಿದ್ದ ಕಡೆ ವೃಷಣಕ್ಕೆ ಸೀಸದ ಕವಚ ಹಾಕುತ್ತಾರೆ. ಹಾರ್ಮೋನು ಚುಚ್ಚಿ ವೃಷಣವನ್ನು ಕಾಪಾಡಲು ನೋಡಿದ ಪ್ರಯತ್ನಗಳು ಗಂಡಸರಲ್ಲಿ ಫಲ ಕೊಟ್ಟಿಲ್ಲ.

ಎಂಟು ಹತ್ತು ವರ್ಷದ ಹುಡುಗರ ವಿಷಯ ಕಷ್ಟ. ಅವರಲ್ಲಿ ವೀರ್ಯಾಣು ಇನ್ನೂ ತಯಾರಾಗಿರುವುದಿಲ್ಲ, ಆಕರ ಕೋಶ ಮಾತ್ರ ಇರುತ್ತದೆ. ಅಂಥವರ ವೃಷಣದ ಚಿಕ್ಕ ತುಣುಕನ್ನು ತೆಗೆದಿಡುವುದು ಇನ್ನೂ ಸಂಶೋಧನೆಯ ಹಂತದಲ್ಲಿದೆ. 2019ರಲ್ಲಿ ಅಮೆರಿಕದ ವಿಜ್ಞಾನಿಗಳು ಎಳೆಯ ಕೋತಿಯ ವೃಷಣದ ತುಣುಕನ್ನು ಹೆಪ್ಪುಗಟ್ಟಿಸಿಟ್ಟು, ಅದೇ ಕೋತಿಯ ಚರ್ಮದ ಕೆಳಗೆ ಕಸಿ ಮಾಡಿ, ಅದರಲ್ಲಿ ಬೆಳೆದ ವೀರ್ಯಾಣುವಿನಿಂದ ಒಂದು ಮರಿ ಪಡೆದರು. ಮರಿಗೆ ಗ್ರೇಡಿ ಅಂತ ಹೆಸರಿಟ್ಟರು.

ಕಾಗದ ಓದುವಾಗ ನೋಡಬೇಕಾದ್ದು

ನಮ್ಮ ದೇಶದಲ್ಲಿ ಈ ಕೆಲಸಕ್ಕೆ 2021ರ ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ ಕಾಯ್ದೆ ಇದೆ. ಲಿಖಿತ ಒಪ್ಪಿಗೆ ಇಲ್ಲದೆ ವೀರ್ಯ ಹೆಪ್ಪುಗಟ್ಟಿಸಿ ಇಡುವಂತಿಲ್ಲ. ವ್ಯಕ್ತಿ ತೀರಿಹೋದರೆ, ಪ್ರಜ್ಞೆ ತಪ್ಪಿದರೆ ಆ ವೀರ್ಯವನ್ನು ಏನು ಮಾಡಬೇಕು ಎಂಬುದನ್ನೂ ಮೊದಲೇ ಬರೆಸಿಕೊಳ್ಳಬೇಕು. ಆ ಸಾಲನ್ನು ಓದದೆ ಸಹಿ ಹಾಕಿಸಬೇಡಿ. ದೆಹಲಿಯಲ್ಲಿ 2020ರಲ್ಲಿ ಮದುವೆಯಾಗದ ಯುವಕನೊಬ್ಬ ಕ್ಯಾನ್ಸರ್ ಚಿಕಿತ್ಸೆಗೆ ಮುನ್ನ ವೀರ್ಯ ಇಡಿಸಿ, ಅದೇ ವರ್ಷ ತೀರಿಹೋದ. ತಂದೆತಾಯಿ ಕೇಳಿದಾಗ ಆಸ್ಪತ್ರೆ ಕೊಡಲಿಲ್ಲ. 2024ರ ಅಕ್ಟೋಬರಿನಲ್ಲಿ ದೆಹಲಿ ಹೈಕೋರ್ಟು ಕೊಡುವಂತೆ ಆದೇಶಿಸುವವರೆಗೂ ಅವರು ಕಾಯಬೇಕಾಯಿತು. ಹುಡುಗನಿಗೆ 18 ತುಂಬದಿದ್ದರೆ ತಂದೆತಾಯಿ ಸಹಿ ಹಾಕುತ್ತಾರೆ, ಆದರೂ ಹುಡುಗನ ಮನಸ್ಸನ್ನು ಬೇರೆಯಾಗಿ ಕೇಳಬೇಕು. ಅಪ್ಪ ಅಮ್ಮನ ಎದುರು ಅವನು ಬಾಯಿ ಬಿಡದಿರಬಹುದು.

ಮನೆಯವರು ಡಾಕ್ಟರ ಹತ್ತಿರ ಕೇಳಬೇಕಾದ್ದನ್ನು ಒಂದು ಚೀಟಿಯಲ್ಲಿ ಕನ್ನಡದಲ್ಲೂ ಆ ರಾಜ್ಯದ ಭಾಷೆಯಲ್ಲೂ ಬರೆದುಕೊಡಿ:

1. ಈ ಚಿಕಿತ್ಸೆಯಿಂದ ಮುಂದೆ ಮಕ್ಕಳಾಗಲು ತೊಂದರೆ ಇದೆಯೇ?
2. ಔಷಧಿ ಶುರು ಮಾಡುವ ಮೊದಲು ವೀರ್ಯ ತೆಗೆದಿಡಬಹುದೇ? ಅದಕ್ಕಾಗಿ ಒಂದೆರಡು ದಿನ ಕಾಯಲು ಕಾಯಿಲೆ ಬಿಡುತ್ತದೆಯೇ?
3. ಇದು ಇಲ್ಲೇ ಆಗುತ್ತದೆಯೇ, ಬೇರೆ ಕಡೆ ಹೋಗಬೇಕೇ?
4. ಮೊದಲಿಗೆ ಖರ್ಚೆಷ್ಟು, ಆಮೇಲೆ ವರ್ಷವರ್ಷ ಇಡುವುದಕ್ಕೆ ಎಷ್ಟು? ಕಟ್ಟುವುದು ನಿಂತರೆ ಏನು ಮಾಡುತ್ತೀರಿ?

ಎರಡನೆಯ ಪ್ರಶ್ನೆಗೆ 'ಕಾಯುವಂತಿಲ್ಲ' ಎಂದು ಡಾಕ್ಟರು ಹೇಳಿದರೆ ಅದೇ ಕೊನೆಯ ಮಾತು. ತೀವ್ರ ರಕ್ತ ಕ್ಯಾನ್ಸರಿನಲ್ಲಿ ಹಾಗೆ ಆಗುವುದುಂಟು. ಜೀವ ಮೊದಲು. ಕಾಯಬಹುದು ಎಂದಾದರೆ ಆ ದಿನವೇ ಹೊರಡಿಸಿ. ಔಷಧಿ ಶುರುವಾದ ಮೇಲೆ ತೆಗೆದ ವೀರ್ಯದಲ್ಲಿ ಆನುವಂಶಿಕ ಹಾನಿ ಇರಬಹುದಾದ್ದರಿಂದ ಅದನ್ನು ಇಡಲು ಸಾಮಾನ್ಯವಾಗಿ ಒಪ್ಪುವುದಿಲ್ಲ.

ಇನ್ನೊಂದು ಮಾತು. ಹುಡುಗ ಮತ್ತೆ ಶಾಲೆಗೆ ಬಂದಾಗ ಈ ವಿಷಯ ಸ್ಟಾಫ್‌ರೂಮಿನ ಮಾತಾಗಬಾರದು. ಚೀಟಿ ಬರೆದುಕೊಟ್ಟವರಿಗೆ, ಮನೆಯವರಿಗೆ, ಅವನಿಗೆ ಗೊತ್ತಿದ್ದರೆ ಸಾಕು. ಅವನ ಬೆಂಚಿನ ಪಕ್ಕದವನು ಕೇಳಬೇಕಾದ್ದು 'ನೋಟ್ಸ್ ಬೇಕೇನೋ?' ಅಂತ ಮಾತ್ರ.